ಅಪ್ಪನ ಯೆಜ್ಡಿ ಸುಧಾರಿಸಲು ಹೋಗಿ

2022ರ ಜುಲೈ. ಬೆಳಗ್ಗೆ ಹತ್ತೂಕಾಲು. ಬೆಂಗಳೂರಿನ ನನ್ನ ರೂಮಿನಲ್ಲಿ ಕೂತು ಆಫೀಸಿನ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ ಅಂತ ಒಪ್ಪಿಸುತ್ತಿದ್ದೆ. ಅಪ್ಪನ ಫೋನು ಬಂತು. ಕಟ್ ಮಾಡಿದೆ. ಮತ್ತೆ ಬಂತು. ಅಪ್ಪ ಎರಡನೇ ಸಲ ಫೋನ್ ಮಾಡುವ ಜಾತಿಯವನಲ್ಲ. ಕ್ಯಾಮೆರಾ ಆಫ್ ಮಾಡಿ ಎತ್ತಿದೆ. ಆ ಕಡೆ ಧೋ ಅಂತ ಮಳೆ, ನಡುನಡುವೆ ಲಾರಿ ಹಾದುಹೋಗುವ ಸದ್ದು.

"ಶಿರಾಲಿಲಿದ್ದೆ. ಗಾಡಿ ನಿಂತೋಯ್ತು. ಪ್ಲಗ್ ತೆಗೆದು ನೋಡ್ದೆ, ಕಿಡಿ ಇಲ್ಲ. ಕವರ್ ಬಿಚ್ಚಿದ್ರೆ ಒಳಗೆ ಮುಟ್ಟೂಕೆ ಎಂತದೂ ಇಲ್ಲ ಮಾರಾಯ. ಈಗ ಎಂತಾ ಮಾಡುದು ಹೇಳು."

ನನಗೆ ತಕ್ಷಣ ಏನು ಹೇಳಬೇಕು ಅಂತ ತೋಚಲಿಲ್ಲ. ಗಾಡಿ ನಿಂತಿದ್ದಕ್ಕಲ್ಲ. ಹಳೇ ಗಾಡಿ ನಿಲ್ಲುತ್ತೆ. ಆದರೆ ಆ ಗಾಡಿಯ ಬಗ್ಗೆ ಅಪ್ಪ ಇನ್ನೊಬ್ಬರ ಹತ್ತಿರ "ಎಂತಾ ಮಾಡುದು" ಅಂತ ಕೇಳಿದ್ದು ಮೂವತ್ತಾರು ವರ್ಷದಲ್ಲಿ ಅದೇ ಮೊದಲು. ಹಾಗೆ ಕೇಳೋ ಸ್ಥಿತಿಗೆ ಅವನನ್ನು ತಂದವನು ನಾನು, ಅದೂ ಒಳ್ಳೇದು ಮಾಡಲು ಹೋಗಿ.

ಮೊದಲಿಂದ ಹೇಳ್ತೀನಿ.

ನಮ್ಮೂರು ಕಾಯ್ಕಿಣಿ. ಬೆಂಗಳೂರಿನಲ್ಲಿ ಹೀಗಂದ ಕೂಡಲೇ "ಓ, ಜಯಂತ ಕಾಯ್ಕಿಣಿ ಅವರ ಊರಾ?" ಅಂತಾರೆ. ಅವರು ಗೋಕರ್ಣದವರು, ಕಾಯ್ಕಿಣಿ ಅನ್ನೋದು ಭಟ್ಕಳ ತಾಲೂಕಿನ ಊರು, ಮುರ್ಡೇಶ್ವರದ ಪಕ್ಕ ಅಂತ ಪ್ರತಿ ಸಲ ಬಿಡಿಸಿ ಹೇಳಬೇಕು. ಮುರ್ಡೇಶ್ವರ ಅಂದ ಮೇಲೆ ಮಾತು ದೊಡ್ಡ ಶಿವನ ಮೂರ್ತಿಗೆ ಹೋಗುತ್ತೆ, ನಮ್ಮೂರು ಅಲ್ಲಿಗೆ ಮುಗಿಯುತ್ತೆ.

ಅಪ್ಪ ಪ್ರೈಮರಿ ಶಾಲೆ ಮಾಸ್ತರು. ಹಾಡುವಳ್ಳಿ ಕಡೆಗೆ ವರ್ಗ ಆದಾಗ, 1986ರಲ್ಲಿ, ಕುಮಟಾದಲ್ಲಿ ಯಾರೋ ಮಾರ್ತಿದ್ದ 1979ರ ಯೆಜ್ಡಿಯನ್ನು ಸಾಲ ಮಾಡಿ ತಗೊಂಡ. ಯೆಜ್ಡಿ ಅಂದ್ರೆ ನಮ್ಮ ಮೈಸೂರಿನದೇ ಗಾಡಿ. ಐಡಿಯಲ್ ಜಾವಾ ಅನ್ನೋ ಕಾರ್ಖಾನೆ 1961ರಿಂದ ಅಲ್ಲಿ ಜೆಕ್ ವಿನ್ಯಾಸದ ಜಾವಾ ಬೈಕು ಮಾಡ್ತಿತ್ತು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 1996ರಲ್ಲಿ ಬಾಗಿಲು ಹಾಕಿತು. 250 ಸಿಸಿಯ ಟೂ ಸ್ಟ್ರೋಕ್ ಇಂಜಿನ್ನು, ಒಂದೇ ಸಿಲಿಂಡರು, ಆದ್ರೆ ಸೈಲೆನ್ಸರ್ ಎರಡು. ಕಿಕ್ ಹೊಡೆಯೋ ಲಿವರ್ರನ್ನೇ ಒಳಕ್ಕೆ ಒತ್ತಿ ತಿರುಗಿಸಿದ್ರೆ ಅದೇ ಗೇರ್ ಲಿವರ್ರು. ಗೇರ್ ಹಾಕುವಾಗ ಕ್ಲಚ್ ತನ್ನಷ್ಟಕ್ಕೆ ಬಿಡ್ತದೆ. ಹೊಸಬರಿಗೆ ಇದು ಮಾಟದ ಹಾಗೆ ಕಾಣುತ್ತೆ. ನಾನು ಐದನೇ ಕ್ಲಾಸಿನವರೆಗೂ ಎಲ್ಲಾ ಬೈಕೂ ಹೀಗೇ ಇರುತ್ತೆ ಅಂದ್ಕೊಂಡಿದ್ದೆ.

ಪೆಟ್ರೋಲಿಗೆ ಲೀಟರಿಗೆ 40 ಎಂಎಲ್ ಲೆಕ್ಕದಲ್ಲಿ ಆಯಿಲ್ ಬೆರೆಸಿ ಹಾಕಬೇಕು. ಅಪ್ಪ ಅದನ್ನು ಕಷಾಯ ಅಳೆಯೋ ಹಾಗೆ ಅಳೆದು ಹಾಕ್ತಿದ್ದ. ಸೀಟಿನ ಕೆಳಗೆ ಒಂದು ಕ್ಯಾನ್ವಾಸ್ ಚೀಲ. ಅದರಲ್ಲಿ ಮೂರು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಉಜ್ಜು ಕಾಗದದ ತುಂಡು, ಹಳೇ ಬನಿಯನ್ನಿನ ಚೂರು, ಮತ್ತೆ ಯಾರದೋ ಮದುವೆ ಕಾಗದ. ಮದುವೆ ಕಾಗದ ಯಾಕೆ ಅಂದ್ರೆ, ಆ ಗಾಡಿಯ ಕಿಡಿಯ ಗುಟ್ಟು ಅದರಲ್ಲಿತ್ತು. ಹಳೇ ಗಾಡಿಗಳಲ್ಲಿ ಪಾಯಿಂಟ್ ಅಂತ ಇರುತ್ತೆ. ಎರಡು ಪುಟ್ಟ ಲೋಹದ ತುದಿಗಳು ಒಂದಕ್ಕೊಂದು ತಾಗಿಕೊಂಡಿರ್ತವೆ. ಇಂಜಿನ್ ತಿರುಗುವಾಗ ಒಂದು ಕ್ಯಾಮು ಅವನ್ನು ತಳ್ಳಿ ಬಿಡಿಸುತ್ತೆ, ಬಿಟ್ಟ ಕ್ಷಣಕ್ಕೆ ಕಾಯಿಲಿನಲ್ಲಿ ವೋಲ್ಟೇಜು ಏರಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತೆ. ಪೂರ್ತಿ ಬಿಟ್ಟಾಗ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು. ಅದನ್ನು ಅಳೆಯೋಕೆ ಫೀಲರ್ ಗೇಜ್ ಅಂತ ಸಾಧನ ಉಂಟು. ಅಪ್ಪನಿಗೆ ಮದುವೆ ಕಾಗದ ಸಾಕಾಗಿತ್ತು. "ದಪ್ಪ ಕಾಗದದ ಮದುವೆ ಆಗ್ಬೇಕು, ತೆಳು ಕಾಗದದವ್ರ ಮದುವೆಗೆ ಹೋಗಿ ಉಂಡು ಬಂದ್ರಾಯ್ತು" ಅಂತಿದ್ದ.

ಮಳೆಗಾಲದಲ್ಲಿ ಕಾಡುದಾರಿಯ ನಡುವೆ ಗಾಡಿ ನಿಂತ್ರೆ ಅವನು ಇಳಿದು, ಲುಂಗಿ ಎತ್ತಿ ಕಟ್ಟಿ, ಬಲಗಡೆ ಕವರ್ ಬಿಚ್ಚಿ, ಪಾಯಿಂಟು ಒರೆಸಿ, ಎರಡು ಸಲ ಉಜ್ಜಿ, ಕಾಗದ ತೂರಿಸಿ ನೋಡಿ, ಮುಚ್ಚಿ, ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡ್ತಿದ್ದ. ನಾನು ಕೊಡೆ ಹಿಡಿದು ನಿಂತಿರ್ತಿದ್ದೆ. ಹತ್ತು ನಿಮಿಷದ ಕೆಲಸ. ಮುಗಿದ ಮೇಲೆ ಕೈ ಒರೆಸಿಕೊಳ್ಳುವಾಗ ಅವನ ಮುಖದಲ್ಲಿ ಒಂದು ಸಣ್ಣ ಗತ್ತು ಇರ್ತಿತ್ತು. ಶಾಲೆಯಲ್ಲಿ ಪಾಠ ಮಾಡುವಾಗಲೂ ನಾನು ಅದನ್ನು ನೋಡಿಲ್ಲ.

2020ರ ಲಾಕ್‌ಡೌನಿನಲ್ಲಿ ನಾನು ಊರಿಗೆ ಬಂದೆ. ಎರಡು ವಾರ ಅಂದ್ಕೊಂಡಿದ್ದು ಒಂದೂಮುಕ್ಕಾಲು ವರ್ಷ ಆಯ್ತು. ಬೇರೆಯವರು ಡಲ್ಗೋನಾ ಕಾಫಿ ಮಾಡ್ತಿದ್ದಾಗ ನಾನು ಕೊಟ್ಟಿಗೆಯಲ್ಲಿ ಯೆಜ್ಡಿ ಬಿಚ್ಚಿದೆ. ಸಮುದ್ರದ ಗಾಳಿಗೆ ಮಡ್‌ಗಾರ್ಡು ತೂತಾಗಿತ್ತು, ಸ್ಪೋಕ್ಸಿಗೆ ತುಕ್ಕು ಹಿಡಿದಿತ್ತು. ಭಟ್ಕಳದ ಲೇತಿನಲ್ಲಿ ಸಿಲಿಂಡರ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದೆ. ಕ್ರ್ಯಾಂಕಿನ ಸೀಲು, ಬ್ರೇಕ್ ಲೈನರು, ಚೈನು, ಸ್ಪೋಕ್ಸು ಎಲ್ಲ ಬದಲಾಯಿತು. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕುವ ಆಸೆ ಇತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಗಾಡಿಯ ಮೂಲ ವಿವರ ಬದಲಾಗುವ ಹಾಗೆ ಮಾರ್ಪಾಡು ಮಾಡೋದನ್ನು ತಡೆಯುತ್ತೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿದೆ. ಹಾಗಾಗಿ ಫೋರ್ಕಿನ ತಂಟೆಗೆ ಹೋಗಲಿಲ್ಲ.

ನನ್ನ ದೊಡ್ಡ ಹೆಮ್ಮೆ ಕರೆಂಟಿನ ಕೆಲಸ. ಹಳೇ 6 ವೋಲ್ಟಿನ ಡೈನಮೋ ಕಿತ್ತು, 12 ವೋಲ್ಟಿನ ಆಲ್ಟರ್ನೇಟರ್ ಮತ್ತು ಸಿಡಿಐ ಇರುವ ಕಿಟ್ ತರಿಸಿ ಕೂರಿಸಿದೆ. ಸಿಡಿಐನಲ್ಲಿ ಪಾಯಿಂಟೇ ಇಲ್ಲ. ಕೆಪಾಸಿಟರಿನಲ್ಲಿ ತುಂಬಿಟ್ಟ ವಿದ್ಯುತ್ತನ್ನು ಮ್ಯಾಗ್ನೆಟ್ಟಿನ ಸೂಚನೆ ಸಿಕ್ಕ ಕ್ಷಣಕ್ಕೆ ಒಮ್ಮೆಲೇ ಬಿಡುತ್ತೆ. ಸವೆಯೋದಿಲ್ಲ, ಒರೆಸಬೇಕಿಲ್ಲ, ಉಜ್ಜಬೇಕಿಲ್ಲ. ಲೈಟಂತೂ ಹಗಲಾಗಿಬಿಟ್ಟಿತು. ಮೊದಲು ಆ ಗಾಡಿಯ ಹೆಡ್‌ಲೈಟು, ಎದುರಿನವರಿಗೆ "ನಾನೂ ಇದ್ದೇನೆ" ಅಂತ ತಿಳಿಸೋಕೆ ಮಾತ್ರ ಸಾಕಾಗ್ತಿತ್ತು. ರಾಷ್ಟ್ರೀಯ ಹೆದ್ದಾರಿ 66 ಅಗಲವಾದ ಮೇಲೆ ರಾತ್ರಿ ಬಸ್ತಿಯ ಹತ್ತಿರ ಅಪ್ಪ ರಸ್ತೆ ದಾಟ್ತಾನೆ ಅಂದ್ರೆ ನನಗೆ ಎದೆ ಹೊಡ್ಕೊಳ್ತಿತ್ತು. ಅದಕ್ಕೇ ಇದೆಲ್ಲ.

ಅಪ್ಪ ದಿನಾ ಸಂಜೆ ಬಂದು ಕೊಟ್ಟಿಗೆಯ ಕಂಬಕ್ಕೆ ಒರಗಿ ನೋಡ್ತಿದ್ದ. ಒಂದೇ ಒಂದು ಸಲ ಕೇಳಿದ: "ಪಾಯಿಂಟು ಚೊಲೋನೇ ಇತ್ತಲ್ಲ?" ನಾನು ಅಂದೆ, "ಇನ್ಮೇಲೆ ನಿಂಗೆ ಮಳೇಲಿ ನಿಂತು ಒರೆಸೋ ಕೆಲಸ ಇಲ್ಲ ಅಪ್ಪಾ." ಅವನು "ಹ್ಞೂಂ" ಅಂದ. ಆ ಹ್ಞೂಂಗೆ ನಾನು ಒಪ್ಪಿಗೆ ಅನ್ನೋ ಅರ್ಥ ಹಚ್ಚಿದೆ. ನಮ್ಮ ಕಡೆ ಹ್ಞೂಂಗೆ ಕನಿಷ್ಠ ಆರು ಅರ್ಥ ಇದೆ ಅಂತ ಗೊತ್ತಿದ್ದೂ.

ಗಾಡಿ ಒಂದೂವರೆ ವರ್ಷ ರಾಜನ ಹಾಗೆ ಓಡಿತು. ನಾನು ಬೆಂಗಳೂರಿಗೆ ವಾಪಸಾದೆ. ಆಮೇಲೆ ಆ ಜುಲೈ, ಆ ಶಿರಾಲಿ.

ಸಿಡಿಐ ಡಬ್ಬಿ ಸತ್ತಿತ್ತು. ಅದರೊಳಗೆಲ್ಲ ಅಂಟು ತುಂಬಿ ಮುಚ್ಚಿರ್ತಾರೆ. ಬಿಚ್ಚೋಕೆ ಆಗಲ್ಲ, ಬಿಚ್ಚಿದ್ರೂ ಪ್ರಯೋಜನ ಇಲ್ಲ. ಹೊಸದು ಕೊರಿಯರ್‌ನಲ್ಲಿ ಬರೋಕೆ ಹನ್ನೊಂದು ದಿನ. ಅಷ್ಟೂ ದಿನ ಗಾಡಿ ಶಿರಾಲಿಯಲ್ಲಿ ಪರಿಚಯದವರ ಮನೆ ಚಾವಡಿಯಲ್ಲಿ ನಿಂತಿತ್ತು. ಅಪ್ಪ ಬಸ್ಸಿನಲ್ಲಿ ಮನೆಗೆ ಬಂದ. ಡಬ್ಬಿ ಬಂದ ಮೇಲೆ ಒಬ್ಬ ಹುಡುಗ ಹಾಕಿಕೊಟ್ಟ, ಗಾಡಿ ಮತ್ತೆ ಸ್ಟಾರ್ಟ್ ಆಯ್ತು. ನನ್ನ ಲೆಕ್ಕದಲ್ಲಿ ಸಮಸ್ಯೆ ಮುಗಿದಿತ್ತು.

ಸೆಪ್ಟೆಂಬರಿನಲ್ಲಿ ಅಮ್ಮ ಫೋನಿನಲ್ಲಿ ಬೇರೆ ಏನೋ ಮಾತಾಡ್ತಾ ಹೇಳಿದಳು: "ಅವ್ರೀಗ ಭಟ್ಕಳ ಸಂತೆಗೆ ಹೋಗುದು ಬಿಟ್ಟಿದ್ರು. ಬಸ್ತಿಗೆ ಹೋಗಿ ಪೇಪರ್ ತಕಂಡು ಬತ್ರು, ಅಷ್ಟೇಯ. ಮತ್ತೆ ನಿಂತ್ರೆ ಎಂತಾ ಮಾಡುದು ಅಂತ್ರು."

ನನಗೆ ಶಿರಾಲಿಯ ಫೋನಿಗಿಂತ ಇದು ಹೆಚ್ಚು ತಾಗಿತು. ಗಾಡಿ ಮೊದಲಿಗಿಂತ ಚೆನ್ನಾಗಿ ಓಡ್ತಿತ್ತು, ಅಪ್ಪ ಮೊದಲಿಗಿಂತ ಕಡಿಮೆ ದೂರ ಹೋಗ್ತಿದ್ದ. ಹಳೇ ಗಾಡಿ ತಿಂಗಳಿಗೊಮ್ಮೆ ನಿಲ್ತಿತ್ತು, ಆದ್ರೂ ಅವನು ಹೆದರದೆ ಹೊನ್ನಾವರದವರೆಗೂ ಹೋಗಿ ಬರ್ತಿದ್ದ. ಹೊಸದು ಎರಡು ವರ್ಷದಲ್ಲಿ ಒಂದು ಸಲ ನಿಂತಿತು, ಅವನ ಲೋಕ ಬಸ್ತಿಗೆ ಬಂದು ನಿಂತಿತು.

ಇಂಥ ಹೊತ್ತಲ್ಲಿ ನಮ್ಮಂಥ ಓದಿದವರು ಏನು ಮಾಡ್ತೀವಿ? ದೊಡ್ಡ ಪ್ರಶ್ನೆಯೊಂದನ್ನು ಹುಡುಕಿಕೊಂಡು ಹೋಗ್ತೀವಿ. ನಾನೂ ಹೋದೆ. ಗ್ರೀಕರ ಥೀಸಿಯಸನ ಹಡಗಿನ ಕತೆ ನೀವು ಕೇಳಿರ್ತೀರಿ. ಪ್ಲೂಟಾರ್ಕ್ ಬರೆದಿದ್ದು. ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸುತ್ತಾ ಹೋದರೆ ಕೊನೆಗೆ ಉಳಿಯೋದು ಅದೇ ಹಡಗಾ ಅಂತ. ಆಮೇಲೆ ಹಾಬ್ಸ್ ಬಂದು, ತೆಗೆದಿಟ್ಟ ಹಳೇ ಹಲಗೆಗಳನ್ನೇ ಸೇರಿಸಿ ಇನ್ನೊಂದು ಹಡಗು ಕಟ್ಟಿದ್ರೆ ಅಸಲಿ ಯಾವುದು ಅಂತ ಕೇಳಿ ತಲೆ ಕೆಡಿಸಿದ. ನಮ್ಮ ಕಡೆಯದೇ ಬೇಕಂದ್ರೆ ಮಿಲಿಂದಪಞ್ಹ ಇದೆ. ಭಿಕ್ಷು ನಾಗಸೇನ ರಾಜ ಮಿಲಿಂದನ ರಥವನ್ನು ತೋರಿಸಿ, ಚಕ್ರ ರಥವಾ, ಅಚ್ಚು ರಥವಾ, ನೊಗ ರಥವಾ ಅಂತ ಒಂದೊಂದೇ ಕೇಳ್ತಾನೆ. ಯಾವುದೂ ಅಲ್ಲ. ಎಲ್ಲ ಸೇರಿದಾಗ ನಾವು ಇಟ್ಟುಕೊಂಡ ಹೆಸರು ರಥ, ಅಷ್ಟೇ.

ಇದನ್ನು ಅಪ್ಪನಿಗೆ ಒಂದ್ಸಲ ಫೋನಿನಲ್ಲಿ ಹೇಳಿದೆ. ಪಿಸ್ಟನ್ನು, ಸೀಲು, ಡೈನಮೋ, ಚೈನು ಎಲ್ಲ ಹೋಯ್ತಲ್ಲ, ಇದು ಇನ್ನೂ ಅದೇ ಗಾಡಿನಾ ಅಂತ ನಿಂಗೆ ಅನ್ಸುತ್ತಾ? ಅವನು ನಕ್ಕ. "ನಿನ್ನಜ್ಜನ ಕತ್ತಿಗೆ ಹಿಡಿ ಎರಡು ಸಲ ಬದ್ಲಾಯ್ತು, ಅಲಗು ಒಂದ್ಸಲ. ಈಗ್ಲೂ ಅದು ಅಜ್ಜನ ಕತ್ತಿಯೇಯ. ಅದ್ರಲ್ಲಿ ಕೇಳುಕೆ ಎಂತ ಉಂಟು?"

ನಿಜ. ಅಪ್ಪನಿಗೆ ಅಸಲಿ-ನಕಲಿಯ ಚಿಂತೆಯೇ ಇರಲಿಲ್ಲ. ಗಾಡಿಯನ್ನು ಮೊದಲು ಕೆಡಿಸಿದವನೇ ಅವನು! ಹಿಂದೆ ಪುಸ್ತಕದ ಕಟ್ಟು ಇಡೋಕೆ ಕಬ್ಬಿಣದ ಕ್ಯಾರಿಯರ್ ವೆಲ್ಡ್ ಮಾಡಿಸಿದ್ದ. ಲಾರಿಯ ಹಾರ್ನು ಹಾಕಿಸಿದ್ದ. ಟ್ಯಾಂಕಿನ ಬಣ್ಣ ನಮ್ಮ ಮನೆ ಕಿಟಕಿಯ ಬಣ್ಣ, ಒಂದೇ ಡಬ್ಬಿಯಲ್ಲಿ ಆದದ್ದು. ಬೆಂಗಳೂರಿನಲ್ಲಿ ಪ್ರತಿ ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಮಾಡ್ತಾರೆ. ಮಿರಮಿರ ಹೊಳೆಯೋ ಗಾಡಿಗಳು ಸಾಲಾಗಿ ನಿಂತಿರ್ತವೆ. ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು ಅನ್ನೋರು, ಬೋಲ್ಟಿನ ತಲೆಯ ಗುರುತೂ ಹಳೇದೇ ಆಗಿರಬೇಕು ಅನ್ನೋರು ಅಲ್ಲಿ ಸಿಗ್ತಾರೆ. ಅವರ ಪ್ರೀತಿ ದೊಡ್ಡದು. ಆದರೆ ಅಪ್ಪನ ಗಾಡಿ ಆ ಸಾಲಿನಲ್ಲಿ ನಿಲ್ಲೋದಿಲ್ಲ, ಅವನಿಗೆ ನಿಲ್ಲಿಸೋ ಆಸೆಯೂ ಇಲ್ಲ.

ಹಾಗಾದ್ರೆ ನಾನು ಮಾಡಿದ ತಪ್ಪು ಯಾವುದು? ಅವನು ಮಾಡಿಸಿದ ಬದಲಾವಣೆಗೂ ನಾನು ಮಾಡಿದ ಬದಲಾವಣೆಗೂ ಏನು ವ್ಯತ್ಯಾಸ? ತುಂಬ ದಿನ ಯೋಚನೆ ಮಾಡಿದ ಮೇಲೆ ನನಗೆ ಸಿಕ್ಕ ಉತ್ತರ ಇದು: ಕ್ಯಾರಿಯರು, ಹಾರ್ನು, ಬಣ್ಣ ಹಾಕಿಸಿದ ಮೇಲೂ ಗಾಡಿ ಅವನ ಕೈಗೆ ಬಗ್ತಿತ್ತು. ಕೆಟ್ಟರೆ ಎಲ್ಲಿ ಕೈ ಹಾಕಬೇಕು ಅಂತ ಅವನಿಗೆ ಗೊತ್ತಿತ್ತು. ನಾನು ಪಾಯಿಂಟು ತೆಗೆದಾಗ ಅದರ ಜೊತೆಗೆ ಅವನ ಮೂವತ್ತನಾಲ್ಕು ವರ್ಷದ ತಿಳಿವಳಿಕೆಯನ್ನೂ ತೆಗೆದು ಗುಜರಿಗೆ ಹಾಕಿದೆ. ಕಾಗದದಲ್ಲಿ ಗಾಡಿ ಅವನದೇ. ಆದರೆ ಕೆಟ್ಟಾಗ ಅದು ನನ್ನದು, ಕೊರಿಯರ್‌ನವನದು, ಡಬ್ಬಿ ಮಾಡಿದವನದು. ಅವನು ಬರೀ ಓಡಿಸೋನು.

ತಮಾಷೆ ಏನಂದ್ರೆ, ಅದೇ 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಮೊಬೈಲು, ವಾಹನ, ಕೃಷಿ ಯಂತ್ರ, ಮನೆಬಳಕೆಯ ಸಾಮಾನು ಇವುಗಳನ್ನು ಕಂಪೆನಿಯವರೇ ರಿಪೇರಿ ಮಾಡಬೇಕು ಅನ್ನೋ ಹಾಗೆ ಮಾಡಬಾರದು, ಕೊಂಡವರಿಗೂ ಹೊರಗಿನ ಮೆಕ್ಯಾನಿಕ್ಕಿಗೂ ಬಿಡಿಭಾಗ, ಮಾಹಿತಿ ಸಿಗಬೇಕು ಅನ್ನೋ ವಿಚಾರ. ಅಮೆರಿಕದಲ್ಲಿ ಇದಕ್ಕಾಗಿ ಟ್ರ್ಯಾಕ್ಟರ್ ಇಟ್ಟುಕೊಂಡ ರೈತರು ವರ್ಷಗಟ್ಟಲೆ ಜಗಳ ಆಡಿದ್ದಾರೆ. ನಾನು ಆ ಸುದ್ದಿಯನ್ನು ಉತ್ಸಾಹದಿಂದ ಹತ್ತು ಜನಕ್ಕೆ ಫಾರ್ವರ್ಡ್ ಮಾಡಿದ್ದೆ. ಕಂಪೆನಿಗಳ ದಬ್ಬಾಳಿಕೆ ಅಂತ ಎರಡು ಸಾಲು ಸೇರಿಸಿದ್ದೆ ಕೂಡ. ನಮ್ಮನೆ ಕೊಟ್ಟಿಗೆಯಲ್ಲಿ ಆ ಕಂಪೆನಿ ನಾನೇ ಆಗಿದ್ದೆ ಅಂತ ಹೊಳೆದಿರಲಿಲ್ಲ.

ಇದು ಬರೀ ಬೈಕಿನ ಮಾತಾಗಿದ್ರೆ ಇಷ್ಟು ಉದ್ದ ಬರೀತಿರಲಿಲ್ಲ. ನಾವು, ಅಂದ್ರೆ ಊರು ಬಿಟ್ಟು ಬಂದು ಒಳ್ಳೇ ಸಂಬಳ ತಗೊಳ್ಳುವ ಮಕ್ಕಳು, ರಜೆಗೆ ಊರಿಗೆ ಹೋದಾಗ ಮಾಡೋದೇ ಇದು. ಮನೆಯನ್ನು ಅಪ್‌ಗ್ರೇಡ್ ಮಾಡ್ತೀವಿ. ಅಮ್ಮನ ಕೀಪ್ಯಾಡ್ ಫೋನು ಕಿತ್ತು ಸ್ಮಾರ್ಟ್‌ಫೋನ್ ಕೊಡ್ತೀವಿ. ನಂಬರು ಬಾಯಿಪಾಠ ಇದ್ದವಳು ಈಗ ಪಕ್ಕದ ಮನೆ ಹುಡುಗನನ್ನು ಕರೆದು "ಇದ್ರಲ್ಲಿ ನನ್ನ ತಂಗಿ ಎಲ್ಲಿದಾಳೆ ನೋಡು" ಅಂತಾಳೆ. ಸೇದುವ ಬಾವಿಗೆ ಆಟೋಮ್ಯಾಟಿಕ್ ಪಂಪು ಹಾಕಿಸ್ತೀವಿ, ಅದರ ಸೆನ್ಸರ್ ಕೈಕೊಟ್ಟ ದಿನ ತುಂಬಿದ ಬಾವಿಯ ಪಕ್ಕ ನಿಂತು ಅವರು ನಮಗೆ ಫೋನ್ ಮಾಡ್ತಾರೆ. ಹಗ್ಗ, ಗಡಗಡೆ ನಾವೇ ತೆಗೆಸಿ ಹಾಕಿರ್ತೀವಿ, ಅಂದ ಕೆಡುತ್ತೆ ಅಂತ. ಪ್ರತಿಯೊಂದು ಒಳ್ಳೆಯದಕ್ಕೇ. ಪ್ರತಿಯೊಂದರ ಜೊತೆಗೂ ಅವರು ಒಂದು ವಿಷಯದಲ್ಲಿ ಜಾಣರಾಗಿದ್ದದ್ದು ನಿಂತು, ನಮ್ಮನ್ನು ಕೇಳಬೇಕಾದವರಾಗ್ತಾರೆ. ಆಮೇಲೆ ನಾವೇ ಸ್ನೇಹಿತರ ಹತ್ತಿರ ಹೇಳ್ಕೋತೀವಿ, "ಇತ್ತೀಚೆಗೆ ಅಪ್ಪ-ಅಮ್ಮ ಎಲ್ಲದಕ್ಕೂ ನನ್ನನ್ನೇ ಡಿಪೆಂಡ್ ಆಗ್ಬಿಟ್ಟಿದಾರೆ."

ಸಹಾಯ ಪಡೆದವನಿಗೆ ಮೊದಲಿಗಿಂತ ಹೆಚ್ಚು ಕೆಲಸ ತಾನಾಗಿ ಮಾಡಿಕೊಳ್ಳೋಕೆ ಬರಬೇಕು. ಕಡಿಮೆ ಬರೋ ಹಾಗಾದ್ರೆ ಅದು ಸಹಾಯವೋ, ಮತ್ತೇನೋ ಅಂತ ನಾನು ಈಗ ಅನುಮಾನ ಪಡ್ತೀನಿ.

ಹಾಗಂತ ಹಳೇದೇ ಚೆಂದ ಅನ್ನೋ ಪಕ್ಷಕ್ಕೆ ನಾನು ಸೇರಿಲ್ಲ. ಎರಡು ತಕರಾರು ನನಗೇ ಇದೆ. ಒಂದು, ಹೊಗೆ. ಟೂ ಸ್ಟ್ರೋಕ್ ಇಂಜಿನ್ನು ಆಯಿಲನ್ನೂ ಸುಡುತ್ತೆ, ಪೂರ್ತಿ ಉರಿಯದ ಪೆಟ್ರೋಲನ್ನೂ ಸೈಲೆನ್ಸರಿನಿಂದ ಹೊರಗೆ ಬಿಡುತ್ತೆ. ಅಪ್ಪನ ಅಭಿಮಾನದ ಬೆಲೆಯನ್ನು ಊರಿನ ಗಾಳಿ ಕೊಡುತ್ತೆ ಅಂದ್ರೆ ಅದು ಸುಳ್ಳಲ್ಲ. ದಿನಕ್ಕೆ ಹತ್ತಿಪ್ಪತ್ತು ಕಿಲೋಮೀಟರ್ ಓಡೋ ಒಂದು ಗಾಡಿ, ಹೊಸದನ್ನು ಮಾಡೋದಕ್ಕೂ ಕಬ್ಬಿಣ, ಕರೆಂಟು ಬೇಕು ಅಂತ ನಾನು ಸಮಾಧಾನ ಮಾಡ್ಕೋತೀನಿ. ಅದು ಸಮಾಧಾನ, ಉತ್ತರ ಅಲ್ಲ.

ಎರಡನೇದು, ಜೀವ. 6 ವೋಲ್ಟಿನ ಮಿಣಿಮಿಣಿ ಲೈಟಿನಲ್ಲಿ ಎಪ್ಪತ್ತರ ಮನುಷ್ಯ ಹೆದ್ದಾರಿ ದಾಟುವಾಗ "ಅವನ ಕೈಗೆ ಬಗ್ಗುವ ಗಾಡಿ" ಅಂತ ನಾನು ತತ್ವ ಹೇಳ್ತಾ ಕೂರೋಕೆ ಆಗಲ್ಲ. ಕೆಲವು ಸುಧಾರಣೆ ಬೇಕೇ ಬೇಕು. ಪ್ರಶ್ನೆ ಯಾವುದು ಬೇಕು ಅನ್ನೋದು, ಮತ್ತೆ ಅದನ್ನು ಯಾರು ಹೇಳಬೇಕು ಅನ್ನೋದು.

ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ, ಎರಡು ವರ್ಷದ ಹಿಂದೆ ಕೇಳಬೇಕಾದದ್ದನ್ನು ಕೇಳಿದೆ. "ಅಪ್ಪಾ, ಈ ಗಾಡಿ ಹೇಗಿರಬೇಕು ಹೇಳು." ಉತ್ತರ ಇಷ್ಟು ತಯಾರಾಗಿರುತ್ತೆ ಅಂತ ನನಗೆ ಗೊತ್ತಿರಲಿಲ್ಲ. "ಲೈಟು ನಿಂದು ಚೊಲೋ ಉಂಟು, ಅದು ಇರ್ಲಿ. ಬ್ರೇಕೂ ಚೊಲೋ ಆಯ್ದು. ಪಾಯಿಂಟು ನಂದು ವಾಪಸ್ ಕೊಡು." ಸ್ವಲ್ಪ ತಡೆದು, "ಲೈಟ್ ಹೋದ್ರೆ ಗಾಡಿ ನಿಲ್ಲೂಕಾಗ. ಹಾಂಗೆ ಮಾಡೂಕೆ ಬತ್ತದ್ಯ ನಿಂಗೆ?"

ನಮ್ಮ ಆಫೀಸಿನಲ್ಲಿ ಇದನ್ನೇ ದೊಡ್ಡ ಹೆಸರು ಕೊಟ್ಟು, ಮೂರು ದಿನದ ತರಬೇತಿ ಮಾಡಿ ಹೇಳಿಕೊಡ್ತಾರೆ. ಹೊಸ ಭಾಗ ಬಿದ್ದರೆ ಇಡೀ ವ್ಯವಸ್ಥೆ ಬೀಳಬಾರದು ಅಂತ.

ಹಳೇ ಡೈನಮೋ ಗುಜರಿಗೆ ಹೋಗಿರಲಿಲ್ಲ. ಅಪ್ಪ ಅದನ್ನು ಗ್ರೀಸು ಹಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಟ್ಟದ ಮೇಲೆ ಇಟ್ಟಿದ್ದ. ಇಬ್ಬರೂ ಕೂತು ಎರಡು ರಾತ್ರಿ ಕೆಲಸ ಮಾಡಿದೆವು. ಇಂಜಿನ್ನಿಗೆ ಹಳೇ ಡೈನಮೋ, ಹಳೇ ಪಾಯಿಂಟು. ಲೈಟಿಗೆ ಮಾತ್ರ 6 ವೋಲ್ಟನ್ನು 12ಕ್ಕೆ ಏರಿಸುವ ಸಣ್ಣ ಕನ್ವರ್ಟರು, ಅದರ ಮುಂದೆ ಒಂದು ಎಲ್‌ಇಡಿ. ಎಲ್‌ಇಡಿಗೆ ಕಡಿಮೆ ಕರೆಂಟು ಸಾಕು, ಡೈನಮೋಗೆ ಭಾರ ಆಗಲ್ಲ. ಕನ್ವರ್ಟರ್ ಸತ್ತರೆ ಲೈಟು ಹೋಗುತ್ತೆ, ಗಾಡಿ ಮನೆಗೆ ಬರುತ್ತೆ. ಜೊತೆಗೆ ಹಳೇ 6 ವೋಲ್ಟಿನ ಬಲ್ಬನ್ನು ತಿರುಗಿ ಜೋಡಿಸೋಕೆ ಒಂದು ವೈರು ಬಿಟ್ಟಿದ್ದೀವಿ, ಅದು ಅಪ್ಪನ ಐಡಿಯಾ. ಯಾವ ವೈರು ಎಲ್ಲಿಗೆ ಹೋಗುತ್ತೆ ಅಂತ ಅವನು ಶಾಲೆಯ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದು ಕ್ಯಾನ್ವಾಸ್ ಚೀಲಕ್ಕೆ ಹಾಕಿದ. ಮದುವೆ ಕಾಗದವೂ ಹೊಸದು ಬಂತು. ನನ್ನದೇ ಮದುವೆಯದು. ದಪ್ಪ ಕಾಗದ ಆರಿಸಿದ್ದೆ.

ಗಾಡಿ ಈಗ ಮತ್ತೆ ಆಗಾಗ ನಿಲ್ಲುತ್ತೆ. ಅಪ್ಪ ಮತ್ತೆ ಭಟ್ಕಳ ಸಂತೆಗೆ ಹೋಗ್ತಾನೆ.

ಇಲ್ಲಿಗೆ ಮುಗಿಸಿದ್ರೆ ಕತೆ ಚೆಂದ. ಆದರೆ ಮುಗಿದಿಲ್ಲ. ಕಳೆದ ವರ್ಷ ಅಪ್ಪನ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಯ್ತು, ಇನ್ನೊಂದು ಆಗಬೇಕು. ಮೊಣಕಾಲು ನೋವು ಬೇರೆ, ಕಿಕ್ ಹೊಡೆಯುವಾಗ ಮುಖ ಕಿವುಚಿಕೊಳ್ತಾನೆ. ಇನ್ನು ಎಷ್ಟು ದಿನ ಅವನು ಓಡಿಸಬಹುದು? ಯಾರಾದರೂ ಯಾವತ್ತಾದರೂ ಕೀಲಿ ಇಸಕೊಳ್ಳಲೇಬೇಕಲ್ಲ? ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡ್ತಾರೆ.

ನನ್ನ ಚಿಕ್ಕಪ್ಪನ ಮಗ ಸುಲಭದ ದಾರಿ ಹೇಳಿದ. "ಜಗಳ ಯಾಕೆ? ರಾತ್ರಿ ಹೋಗಿ ಒಂದು ವೈರ್ ಸಡಿಲ ಮಾಡಿಡು. ಗಾಡಿ ಕೆಟ್ಟಿದೆ, ಪಾರ್ಟ್ಸ್ ಸಿಗ್ತಿಲ್ಲ ಅಂದ್ಬಿಡು. ತಿಂಗಳಲ್ಲಿ ಮರ್ತುಬಿಡ್ತಾರೆ."

ಒಪ್ಪಿಕೊಳ್ತೀನಿ, ಒಂದು ಕ್ಷಣ ನನಗೂ ಹೌದಲ್ಲ ಅನ್ನಿಸಿತು. ಆ ಕಪ್ಪು ಡಬ್ಬಿ ಇದ್ದಿದ್ರೆ ಅದು ನಡೀತಿತ್ತು ಕೂಡ. ನಾನು ಹೇಳಿದ್ದೇ ನಿಜ ಆಗ್ತಿತ್ತು, ಅವನಿಗೆ ಪರೀಕ್ಷೆ ಮಾಡೋ ದಾರಿಯೇ ಇರ್ತಿರಲಿಲ್ಲ.

ಈಗ ಆಗಲ್ಲ. ಬೆಳಗ್ಗೆ ಎದ್ದು, ಲುಂಗಿ ಎತ್ತಿ ಕಟ್ಟಿ, ಕವರ್ ಬಿಚ್ಚಿ, ಎರಡು ನಿಮಿಷದಲ್ಲಿ ಆ ವೈರ್ ಹುಡುಕಿ ಬಿಗಿ ಮಾಡ್ತಾನೆ. ಆಮೇಲೆ ನನ್ನನ್ನು ನೋಡ್ತಾನೆ. ಆ ನೋಟ ನನಗೆ ಬೇಡ. ಹಾಗಾಗಿ ಮುಂದಿನ ಸಲ ಊರಿಗೆ ಹೋದಾಗ ಅವನ ಎದುರು ಕೂತು ಮಾತಾಡಬೇಕು. ಹ್ಞೂಂ ಅಂದ್ರೆ ಯಾವ ಹ್ಞೂಂ ಅಂತ ಈ ಸಲ ಕೇಳ್ತೀನಿ.